ಅಗುಳೆಂದು ಆರಿಸಿದ ಕಲ್ಲು

ಹರಳಕ್ಕ ಹೋದ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಸತ್ತಳು. ಅರವತ್ತೊಂದು ವರ್ಷ. ನ್ಯುಮೋನಿಯಾ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು, ಅದರಲ್ಲಿ ಕೊನೆಯ ಆರು ದಿನ ಮಾತಿರಲಿಲ್ಲ.

ಅವಳು ಮೂವತ್ತೊಂಬತ್ತು ವರ್ಷ ಕೆಲಸ ಮಾಡಿದ ರಸಾಯನಶಾಸ್ತ್ರ ವಿಭಾಗದವರು ಶನಿವಾರ ಸೂಚನಾ ಫಲಕಕ್ಕೆ ಒಂದು ಹಾಳೆ ಚುಚ್ಚಿದ್ದಾರೆ. ಫೋಟೋದ ಕೆಳಗೆ ಮೂರು ವಾಕ್ಯ. ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿ ಹರಳು ಬೆಳೆಸುವ ತಂತ್ರಜ್ಞೆಯಾದರು ಎನ್ನುವುದು ಮೊದಲನೆಯದು. ಅವರ ಕೈ ಅಪರೂಪದ ಕೈ ಎನ್ನುವುದು ಎರಡನೆಯದು. ಮೂರನೆಯದು ಹೀಗಿದೆ: ‘ವಿಭಾಗಕ್ಕೆ ಹೆಸರು ತಂದ ಹಳದಿ ಹರಳು ಇವರ ಕೈಯಲ್ಲಿ ಬೆಳೆದದ್ದು, ಅದು ಇವರ ಜೀವಮಾನದ ಹೆಮ್ಮೆಯಾಗಿತ್ತು.’

ಮೊದಲಿನ ಎರಡು ನಿಜ. ಮೂರನೆಯದು ಸುಳ್ಳು. ಆ ಹರಳಿನ ಮೇಲೆ ಬರೆದ ಪ್ರಬಂಧ ತಪ್ಪು ಎಂದು ಅಚ್ಚಿನಲ್ಲಿ ಹೇಳಿಸಲು ಅವಳು ಹದಿಮೂರು ವರ್ಷ ಓಡಾಡಿದಳು. ಹೇಳಿಸಲು ಆಗಲಿಲ್ಲ. ಹಾಳೆಯನ್ನು ಹರಿದು ಹಾಕಬೇಕು ಅನ್ನಿಸಿತ್ತು. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು, ಫಲಕಕ್ಕೆ ಅಂಟಿಸಿದ್ದನ್ನು ಕೀಳಬೇಡಿ ಎಂದು ದಿನಾ ಮಕ್ಕಳಿಗೆ ಹೇಳುವವಳು. ಅದಕ್ಕೆ ಕೀಳದೆ ಬಂದು ಇದನ್ನು ಬರೆಯುತ್ತಿದ್ದೇನೆ.

ಹರಳಕ್ಕ ಎಂದು ಕರೆಯಲು ಶುರುಮಾಡಿದ್ದು ಯಾವ ಕಾಲದ ವಿದ್ಯಾರ್ಥಿಗಳೋ ತಿಳಿಯದು. ಹರಳು ಬೆಳೆಸುವ ಅಕ್ಕ ಎಂಬ ಅರ್ಥ ಇದ್ದೇ ಇದೆ. ಹಳೆಯ ತುಂಟರು ಮಾತ್ರ, ಅವಳದ್ದು ಹರಳೆಣ್ಣೆ ಕುಡಿದ ಮುಖ, ಅದಕ್ಕೇ ಆ ಹೆಸರು ಎನ್ನುತ್ತಿದ್ದರು. ಇದನ್ನು ಅವಳ ಎದುರಿಗೇ ಒಬ್ಬ ಹೇಳಿದಾಗ, “ನಿನ್ನ ಸ್ಯಾಂಪಲ್ ನೋಡಿದ ಮೇಲೆ ಇನ್ಯಾವ ಮುಖ ಮಾಡ್ಲಿ?” ಎಂದಳಂತೆ.

ಅವಳ ಕೋಣೆ ಇದ್ದದ್ದು ಹಿಂದಿನ ಮೆಟ್ಟಿಲ ಕೆಳಗೆ. ಮೊದಲು ಪೊರಕೆ, ಬಕೆಟ್ಟು ಇಡುತ್ತಿದ್ದ ಜಾಗ. ಛಾವಣಿ ಓರೆ, ಒಳಗೆ ಹೋದವರು ಒಮ್ಮೆ ತಲೆ ಬಡಿಸಿಕೊಳ್ಳದೆ ಹೊರಗೆ ಬಂದದ್ದಿಲ್ಲ. ಆ ಕೋಣೆಯನ್ನು ಅವಳೇ ಕೇಳಿ ಪಡೆದಿದ್ದಳು. ಲಿಫ್ಟು, ಪಂಪುಗಳು, ರಸ್ತೆ, ಈ ಮೂರರಿಂದಲೂ ಅತಿ ದೂರದ ಮೂಲೆ ಅದು. ಹರಳು ಬೆಳೆಯಲು ಮೊದಲು ಬೇಕಾದದ್ದು ಅಲುಗದ ಜಾಗ. ಹಿಂದಿನ ಮೆಟ್ಟಿಲು ಬೆಂಕಿ ಬಿದ್ದರೆ ಮಾತ್ರ ಇಳಿಯಲಿಕ್ಕೆ ಇದ್ದದ್ದು. ಅವಸರಕ್ಕೆ ಯಾರಾದರೂ ಅದರಲ್ಲಿ ದಡದಡ ಇಳಿದರೆ ಬಾಗಿಲು ಅರ್ಧ ತೆರೆದು, “ಬೆಂಕಿ ಎಲ್ಲಿ ಬಿದ್ದಿದೆ?” ಎಂದು ಕೇಳುವಳು. ಮರುದಿನದಿಂದ ಅವರು ಮುಂದಿನ ಮೆಟ್ಟಿಲೇ.

ಅವಳು ಕೆಲಸ ಮಾಡುವುದನ್ನು ನೋಡಿದವರು ಅದನ್ನು ಮರೆಯುವುದಿಲ್ಲ. ಪೆನ್ಸಿಲಿಗಿಂತ ತೆಳುವಾದ ಗಾಜಿನ ಕೊಳವೆ. ತಳದಲ್ಲಿ ವಸ್ತು ಕರಗಿಸಿದ ಭಾರದ ದ್ರಾವಣ. ಅದರ ಮೇಲೆ ಹಗುರವಾದ ಇನ್ನೊಂದು ದ್ರವವನ್ನು, ಮಲಗಿದ ಮಗುವಿನ ಬಾಯಿಗೆ ಔಷಧಿ ಬಿಡುವ ಹಾಗೆ, ಗೋಡೆಯ ಮೇಲಿಂದ ಜಾರಿಸುವಳು. ಎರಡೂ ಕಲಕಬಾರದು. ಕೊಳವೆಯನ್ನು ಮರಳು ತುಂಬಿದ ಮರದ ಪೆಟ್ಟಿಗೆಯಲ್ಲಿ ನೆಟ್ಟು ಬಿಡುವಳು. ಎರಡು ಪದರ ಹದಿನೈದು ಇಪ್ಪತ್ತು ದಿನಕ್ಕೆ ತಾವಾಗಿಯೇ ಬೆರೆಯುತ್ತ ಬಂದು, ಬೆರೆಯುವ ಗಡಿಯಲ್ಲಿ ಹರಳು ಕಟ್ಟುತ್ತದೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ, ಎಣ್ಣೆಯ ಹನಿಯಲ್ಲಿ ಇಟ್ಟು, ಒಂದನ್ನು ಆರಿಸಬೇಕು. ಅದಕ್ಕೆ ಅವಳ ಹತ್ತಿರ ಇದ್ದದ್ದು ಕಡ್ಡಿಗೆ ಅಂಟಿಸಿದ ಬೆಕ್ಕಿನ ಮೀಸೆ. ಪಕ್ಕದ ಮನೆಯ ಬೆಕ್ಕು ಉದುರಿಸಿದ್ದು. ಲೋಹದ ಸೂಜಿ ಹರಳನ್ನು ಗೀಚುತ್ತದೆ, ಮೀಸೆ ಬಾಗುತ್ತದೆ. ಆರಿಸಿದ ಹರಳಿಗೆ ಎಕ್ಸ್‌ರೇ ಹಾಯಿಸಿದರೆ ಅಣುವಿನಲ್ಲಿ ಯಾವ ಪರಮಾಣು ಎಲ್ಲಿ ಕೂತಿದೆ ಎನ್ನುವುದು ಗೊತ್ತಾಗುತ್ತದೆ.

ನಮ್ಮ ಪ್ರಯೋಗಶಾಲೆಯ ಕೆಲಸ ಒಂದೇ ಬಗೆಯ ಅಣುಗಳ ಮೇಲೆ ನಡೆಯುತ್ತಿತ್ತು. ನಾನು ಡಾಕ್ಟರೇಟ್ ಮಾಡಲು ಬಂದ ಮೊದಲ ವಾರ ಅದನ್ನು ನನಗೆ ತಿಳಿಸಿಕೊಟ್ಟವಳೂ ಅವಳೇ. ಪ್ರೊಫೆಸರರು ಕೊಟ್ಟ ಇಪ್ಪತ್ತು ಪ್ರಬಂಧಗಳನ್ನು ಎದೆಗೆ ಅವುಚಿಕೊಂಡು ನಾನು ಅವಳ ಕೋಣೆಗೆ ಹೋಗಿ, ಸಂಪ್ರದಾಯದಂತೆ ತಲೆ ಬಡಿಸಿಕೊಂಡು ನಿಂತಿದ್ದೆ.

“ಓದಿದ್ದೀಯಾ?”

“ಓದಿದೆ. ಅರ್ಥ ಆಗಿಲ್ಲ.”

“ಪುಣ್ಯಾತ್ಗಿತ್ತಿ, ನಿಜ ಹೇಳಿದೆ. ಕೂತ್ಕೋ. ಮೂರು ಮನೆ ಇವೆ ಅಂದ್ಕೋ, ಗೋಡೆಗೆ ಗೋಡೆ ತಾಗಿಸಿ, ಮುಕ್ಕೋನವಾಗಿ. ಅವೇ ಮೂರು ಲೋಹದ ಪರಮಾಣು, ರುಥೇನಿಯಂ. ಒಂದೊಂದು ಮನೇಲೂ ನಾಲ್ಕು ಜನ ಬಾಡಿಗೆಗೆ. ಅವರೇ ಕಾರ್ಬನ್ ಮಾನಾಕ್ಸೈಡ್. ಸಣ್ಣ ಮೈ, ಅಡ್ಜಸ್ಟ್ ಮಾಡ್ಕೊಂಡು ಇರ್ತಾರೆ. ಒಟ್ಟು ಹನ್ನೆರಡು ಜನ. ಈಗ ಒಬ್ಬ ಹೊಸಬ ಬರ್ತಾನೆ, ಫಾಸ್ಫೀನ್ ಅಂತ. ದಪ್ಪ ಅಳಿಯ. ಕೈಕಾಲು ಚಾಚಿ ಕೂರೋ ಜಾತಿ. ಅವನು ಬರಬೇಕಂದ್ರೆ ಹಳಬ ಒಬ್ಬ ಖಾಲಿ ಮಾಡಬೇಕು. ನಾವು ಬಿಸಿ ಮಾಡ್ತೀವಲ್ಲ, ಅದು ಏನು? ಖಾಲಿ ಮಾಡು ಅಂತ ಬಾಗಿಲು ಬಡಿಯೋದು.”

“ಎರಡನೇ ಫಾಸ್ಫೀನ್ ಬಂದ್ರೆ?”

“ನೀನೇ ಹೇಳು. ಒಬ್ಬ ದಪ್ಪ ಅಳಿಯ ಕಾಲು ಚಾಚಿ ಮಲಗಿರೋ ಮನೆಗೆ ಇನ್ನೊಬ್ಬ ಅಳಿಯ ಬರ್ತಾನಾ?”

“ಪಕ್ಕದ ಮನೆಗೆ ಹೋಗ್ತಾನೆ.”

“ಅಷ್ಟೇ,” ಎಂದು ಅವಳು ಮುಖ ತಿರುಗಿಸಿ ಮರಳಿನ ಪೆಟ್ಟಿಗೆ ಸರಿಪಡಿಸಲು ಹೋದಳು. ಮುಖ ತಿರುಗಿಸಿದ್ದು ಯಾಕೆಂದು ನನಗೆ ಅವತ್ತು ತಿಳಿಯಲಿಲ್ಲ. ನನ್ನ ಎದೆಗೆ ಅವುಚಿದ್ದ ಪ್ರಬಂಧಗಳಲ್ಲಿ ಅತಿ ಪ್ರಸಿದ್ಧವಾದದ್ದು, ನಮ್ಮ ಪ್ರೊಫೆಸರರದ್ದೇ, ಇದಕ್ಕೆ ತದ್ವಿರುದ್ಧವಾಗಿ ಹೇಳುತ್ತಿತ್ತು. ಅವರ ಅಣುವಿನಲ್ಲಿ ಎರಡೂ ಫಾಸ್ಫೀನ್ ಒಂದೇ ಲೋಹದ ಮೇಲೆ ಕೂತಿದ್ದವು. ಇಬ್ಬರು ಅಳಿಯಂದಿರು ಒಂದೇ ಮನೆಯಲ್ಲಿ. ಎಲ್ಲರ ಎಣಿಕೆಗೆ ವಿರುದ್ಧವಾದ್ದರಿಂದಲೇ ಅದಕ್ಕೆ ಅಷ್ಟು ಹೆಸರು. ಪುರಾವೆ ಒಂದು ಹಳದಿ ಹರಳು. ಬೆಳೆಸಿದವಳು, ಆರಿಸಿದವಳು ಹರಳಕ್ಕ. ಪ್ರಬಂಧದ ಕೊನೆಯಲ್ಲಿ ಅವಳ ಕೈಚಳಕಕ್ಕೆ ಕೃತಜ್ಞತೆ ಹೇಳಿದ್ದರು, ಲೇಖಕರ ಸಾಲಿನಲ್ಲಿ ಅವಳಿರಲಿಲ್ಲ.

ನನ್ನ ಕೆಲಸ ಆ ಅಣುವನ್ನು ಮತ್ತೆ ಮಾಡಿ ಮುಂದುವರಿಸುವುದು. ಎರಡು ಫಾಸ್ಫೀನ್ ಒಂದೇ ಕಡೆ ಇದ್ದರೆ ಉಳಿದ ಎರಡು ಲೋಹಗಳ ಹತ್ತಿರ ಜಾಗ ಖಾಲಿ ಇರಬೇಕು, ಅಲ್ಲಿ ಬೇರೆ ಅಣುಗಳನ್ನು ಕೂರಿಸಬಹುದು ಎಂಬ ಲೆಕ್ಕ. ಮೂರು ವರ್ಷ ಮಾಡಿದೆ. ಕಿತ್ತಳೆ ಬಣ್ಣದ ದ್ರಾವಣ ಕಾಯಿಸಿ ಕೆಂಪಾಗುವುದನ್ನು ಎಷ್ಟು ಸಲ ನೋಡಿದೆನೋ. ಪ್ರತಿ ಸಲವೂ ಕೆಂಪು ಸೂಜಿಗಳು ಬರುತ್ತಿದ್ದವು. ಕೂದಲಿನಂತೆ ತೆಳು, ಮುಟ್ಟಿದರೆ ಸೀಳಿಹೋಗುವಂಥವು, ಎಕ್ಸ್‌ರೇಗೆ ನಾಲಾಯಕ್ಕು. ಹಳದಿ ಒಂದು ಸಲವೂ ಬರಲಿಲ್ಲ. ಕೆಂಪಿನ ಮೇಲೆ ಪ್ರಬಂಧ ಹೇಳಿದ ಯಾವ ಕ್ರಿಯೆಯೂ ನಡೆಯಲಿಲ್ಲ. ಅಕ್ಕನೇ ನನಗಾಗಿ ಅರವತ್ತಕ್ಕೂ ಹೆಚ್ಚು ಕೊಳವೆ ನೆಟ್ಟಳು. ವಾರಕ್ಕೊಮ್ಮೆ ಹೋಗಿ ಕೇಳುತ್ತಿದ್ದೆ.

“ಏನು ಬಂತು?”

“ಕೆಂಪು.”

“ನನ್ನ ಕೈಯೇ ಸರಿ ಇಲ್ಲ ಅಕ್ಕ.”

“ನಿನ್ನ ಕೈ ಸರಿ ಇದೆ,” ಎನ್ನುವಳು. ಅಷ್ಟೇ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

ಮೂರನೇ ವರ್ಷದ ಕೊನೆಗೆ ಪ್ರೊಫೆಸರರ ಕೋಣೆಗೆ ಹೋಗಿ ಒಂದು ಕೋರಿಕೆ ಇಟ್ಟೆ. ಒಂದು ಹರಳನ್ನು ಆರಿಸುವ ಬದಲು ಕೊಳವೆಯ ವಸ್ತುವನ್ನೆಲ್ಲ ಅರೆದು ಪುಡಿ ಮಾಡಿ ಎಕ್ಸ್‌ರೇ ಹಾಯಿಸುವ ಒಂದು ವಿಧಾನ ಇದೆ. ಪುಡಿಯಿಂದ ಅಣುವಿನ ಚಿತ್ರ ಸುಲಭವಾಗಿ ಸಿಗುವುದಿಲ್ಲ. ಆದರೆ ಗೆರೆಗಳ ಒಂದು ಸಾಲು ಸಿಗುತ್ತದೆ. ಹಳದಿ ಹರಳಿನ ಅಚ್ಚಾದ ರಚನೆಯಿಂದ ಲೆಕ್ಕ ಹಾಕಿದ ಗೆರೆಗಳ ಜೊತೆ ಇಟ್ಟು ನೋಡಿದರೆ ಎರಡೂ ಒಂದೇ ವಸ್ತುವೋ ಅಲ್ಲವೋ ತಿಳಿಯುತ್ತದೆ. ನನ್ನ ಕೆಂಪನ್ನು ಹಾಗೆ ನೋಡೋಣ ಸಾರ್ ಎಂದೆ. ಅಕ್ಕ ಸ್ಲೈಡುಗಳ ತಟ್ಟೆ ಕೊಡಲು ಬಂದವಳು ಬಾಗಿಲ ಹತ್ತಿರ ನಿಂತಿದ್ದಳು.

ಪ್ರೊಫೆಸರರು ಕೆಟ್ಟ ಮನುಷ್ಯರಲ್ಲ ಎಂದು ಇವತ್ತಿಗೂ ಜನ ಹೇಳುತ್ತಾರೆ. ಅವರು ನಗುತ್ತಲೇ ಹೇಳಿದರು. “ಅನ್ನ ಬೆಂದಿದೆಯಾ ನೋಡೋಕೆ ಪಾತ್ರೆಯೆಲ್ಲ ಹಿಸುಕ್ತಾರೇನಮ್ಮ? ಒಂದು ಅಗುಳು ಸಾಕು. ಆ ಅಗುಳನ್ನ ನಮ್ಮ ಅಕ್ಕ ಆರಿಸಿ ಕೊಟ್ಟಾಗಿದೆ. ಯಂತ್ರದ ಸಮಯ ಹಾಳು ಮಾಡೋದು ಬೇಡ. ಅಕ್ಕನ ಕೈಗೆ ಬಂದದ್ದು ನಿನ್ನ ಕೈಗೆ ಬರ್ತಿಲ್ಲ ಅಂದ್ರೆ, ಎಲ್ಲರಿಗೂ ಎಲ್ಲಾ ಕೆಲಸ ಒಗ್ಗಲ್ಲ.”

ನಾನು ಅಕ್ಕನ ಕಡೆ ನೋಡಿದೆ. ಅವಳು ತಟ್ಟೆಯನ್ನು ನೋಡುತ್ತಿದ್ದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದಳು. ಮರುವಾರ ನಾನು ವಿಭಾಗ ಬಿಟ್ಟೆ.

ಶಾಲೆಯ ಕೆಲಸ ಸಿಕ್ಕಿತು. ಹನ್ನೆರಡು ವರ್ಷದ ಮಕ್ಕಳಿಗೆ ಉಪ್ಪಿನ ಹರಳು ಮಾಡಿ ತೋರಿಸುವುದು. ಕೆಟ್ಟ ಕೆಲಸವಲ್ಲ. ಆದರೆ ಎರಡು ವರ್ಷ ಬೀಕರು ಎತ್ತುವಾಗಲೆಲ್ಲ ನನ್ನ ಕೈಯನ್ನು ನಾನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಹರಳಕ್ಕ ನನ್ನ ಮನೆ ಬಾಗಿಲಿಗೆ ಬಂದಳು. ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಒಂದು ನೋಟ್‌ಬುಕ್ಕು. ಟೀ ಬೇಡ ಎಂದಳು. ಕುರ್ಚಿಯ ತುದಿಯಲ್ಲಿ ಕೂತು, ಗುರುತು ಇಟ್ಟಿದ್ದ ಪುಟ ತೆರೆದು ನನ್ನ ಮಡಿಲಿಗೆ ಇಟ್ಟಳು. ಅವಳ ದುಂಡು ಅಕ್ಷರ. ‘ಏಳನೇ ಕೊಳವೆ. ಕೆಂಪು ಸೂಜಿ ತುಂಬ. ತಳದಲ್ಲಿ ಹಳದಿ ಗಟ್ಟಿ ಎರಡು. ಹಳದಿ ಒಂದು ಆರಿಸಿದೆ.’

ತಾರೀಖು ಆ ಪ್ರಬಂಧಕ್ಕೆ ನಾಲ್ಕು ತಿಂಗಳು ಹಿಂದಿನದು.

ನಡೆದದ್ದು ಇಷ್ಟೇ. ಪ್ರೊಫೆಸರರಿಗೆ ಒಂದು ಸಮ್ಮೇಳನ ಇತ್ತು, ಸೋಮವಾರದೊಳಗೆ ರಚನೆ ಬೇಕಿತ್ತು. ಆರು ಕೊಳವೆಗಳಲ್ಲಿ ಬರೀ ಕೆಂಪು ಸೂಜಿ. ಏಳನೆಯದರಲ್ಲೂ ಕೆಂಪು ಸೂಜಿಯೇ, ತಳದ ಮೂಲೆಯಲ್ಲಿ ಮಾತ್ರ ಎರಡು ಹಳದಿ ಗಟ್ಟಿಗಳು, ಕತ್ತರಿಸಿಟ್ಟಂತೆ ಚೊಕ್ಕ. ಅವು ಎಲ್ಲಿಂದ ಬಂದವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. “ಯಾವುದು ಸಾರ್?” ಎಂದು ಅವಳು ಕೇಳಿದ್ದಳು. “ಚೆನ್ನಾಗಿರೋದನ್ನ ಆರಿಸು,” ಎಂದಿದ್ದರು. ಮೀಸೆಯ ತುದಿಯಿಂದ ಅವಳು ಹಳದಿಯ ಒಂದನ್ನು ತಳ್ಳಿ ಎತ್ತಿದಳು. ಹೀಗೆ ಸಾವಿರದಲ್ಲಿ ಎರಡು ಇದ್ದದ್ದನ್ನು ಇಡೀ ಕೊಳವೆಯ ವಸ್ತು ಎಂದು ಬರೆದರು. ನೋಟ್‌ಬುಕ್ಕಿನ ಆ ಸಾಲು ಪ್ರಬಂಧಕ್ಕೆ ಹೋಗಲಿಲ್ಲ.

“ನನಗೆ ಆವತ್ತೇ ಗೊತ್ತಿತ್ತು,” ಎಂದಳು. “ಕಣ್ಣಿಗೆ ಚೆಂದ ಕಂಡದ್ದನ್ನ ಆರಿಸಬಾರದು, ಪಾತ್ರೇಲಿ ಜಾಸ್ತಿ ಏನಿದೆಯೋ ಅದನ್ನ ಆರಿಸಬೇಕು ಅಂತ ಹೊಸಬರಿಗೆಲ್ಲ ಹೇಳ್ತಾ ಇದ್ದವಳು ನಾನೇ. ಆದರೆ ಅಷ್ಟು ಒಳ್ಳೆ ಹರಳು ಕಣೇ. ಇಪ್ಪತ್ತು ವರ್ಷದಲ್ಲಿ ಅಂಥದ್ದು ನೋಡಿರಲಿಲ್ಲ.”

“ನಾನು ಮೂರು ವರ್ಷ ಅಲ್ಲೇ ಇದ್ದೆ. ವಾರವಾರ ನಿನ್ನ ಹತ್ತಿರ ಬಂದು ಕೇಳಿದೆ.”

“ಹೌದು.”

“ಅವರು ಅಗುಳು ಅಂದಾಗ ನೀನು ಬಾಗಿಲ ಹತ್ತಿರ ನಿಂತಿದ್ದೆ.”

“ನಿಂತಿದ್ದೆ.”

“ಯಾಕೆ ಬಾಯಿ ಬಿಡಲಿಲ್ಲ?”

“ನಾನು ಮಾಡಿದ್ದು ಅಂತ ಎಲ್ಲರಿಗೂ ಗೊತ್ತಿದ್ದದ್ದು ಆ ಹರಳು ಒಂದೇ,” ಎಂದಳು.

ನಾನು ಅವಳಿಗೆ ಎದ್ದು ಹೋಗು ಎಂದೆ. ನೋಟ್‌ಬುಕ್ಕು ಸುತ್ತಿಕೊಂಡು ಹೋದಳು. ಹನ್ನೊಂದು ತಿಂಗಳು ಅವಳ ಮುಖ ನೋಡಲಿಲ್ಲ. ಪ್ರತಿ ತಿಂಗಳು ಮೊದಲ ಭಾನುವಾರ ಬಂದು, ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಹೋಗುತ್ತಿದ್ದಳು. ಬಾಗಿಲು ತಟ್ಟುತ್ತಿರಲಿಲ್ಲ. ಹನ್ನೆರಡನೇ ಸಲ ನಾನೇ ಹೋಗಿ ಪಕ್ಕದಲ್ಲಿ ಕೂತೆ. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ, ಈಗಲೂ ಹೇಳಲಾರೆ. “ಪ್ರೊಫೆಸರರಿಗೆ ತೋರಿಸಿದೆಯಾ?” ಎಂದು ಕೇಳಿದೆ.

ನನ್ನ ಮನೆಗೆ ಬಂದ ಮರುದಿನವೇ ತೋರಿಸಿದ್ದಳು. ಆ ಮಾತುಕತೆಯನ್ನು ಅವಳು ನನಗೆ ಎಷ್ಟೋ ಸಲ ಹೇಳಿದ್ದಾಳೆ, ಒಂದು ಪದವೂ ಆಚೀಚೆ ಆಗುತ್ತಿರಲಿಲ್ಲ.

“ಹರಳು ಸುಳ್ಳು ಹೇಳುತ್ತಾ ಅಕ್ಕ?” ಎಂದರಂತೆ ಅವರು.

“ಹೇಳಲ್ಲ ಸಾರ್. ಆದರೆ ಅದು ತನ್ನ ವಿಷಯ ಮಾತ್ರ ಹೇಳುತ್ತೆ. ಪಕ್ಕದಲ್ಲಿರೋರ ವಿಷಯ ಅದಕ್ಕೆ ಗೊತ್ತಿಲ್ಲ.”

“ನಾನು ಹೇಳಿದ್ದೆನಲ್ಲ, ಒಂದು ಅಗುಳು ಸಾಕು.”

“ಅಗುಳು ಆಗಿದ್ರೆ ಸಾಕಾಗಿತ್ತು ಸಾರ್. ನಾವು ಆರಿಸಿದ್ದು ಅಗುಳಲ್ಲ, ಕಲ್ಲು.”

ಅವರು ನೋಟ್‌ಬುಕ್ಕು ಮುಚ್ಚಿ, ಇದು ಒಬ್ಬ ಸಹಾಯಕಿಯ ಗೀಚುಬರಹ, ಪುರಾವೆ ಅಲ್ಲ ಎಂದರಂತೆ. ಅವಳು ಪ್ರಬಂಧ ಅಚ್ಚಾದ ಪತ್ರಿಕೆಯ ಸಂಪಾದಕರಿಗೇ ಬರೆದಳು. ಕಾಗದವನ್ನು ನಾನೇ ತಿದ್ದಿಕೊಟ್ಟೆ. ಉತ್ತರ ವಿನಯದಿಂದಲೇ ಬಂತು: ತಾವು ಲೇಖಕರಲ್ಲ, ತಿದ್ದುಪಡಿಗೆ ಮುಖ್ಯ ಲೇಖಕರ ಸಹಿ ಬೇಕು, ಇಲ್ಲವಾದರೆ ಮೂಲ ಮಾದರಿಯ ಮೇಲೆಯೇ ನಡೆಸಿದ ಅಳತೆ ಬೇಕು. ಬೇರೆ ಯಾರೋ ಆಮೇಲೆ ಮಾಡಿದ ಕೆಂಪು ಪುಡಿ ನಡೆಯುವುದಿಲ್ಲ.

ಮೂಲ ಮಾದರಿ ಅವಳ ಹತ್ತಿರ ಇತ್ತು. ಏಳನೇ ಕೊಳವೆಯ ದ್ರವ ಬಸಿದು, ಒಣಗಿಸಿ, ನೈಟ್ರೋಜನ್ ತುಂಬಿ, ಬಾಯಿಯನ್ನು ಉರಿಯಲ್ಲಿ ಕರಗಿಸಿ ಮುಚ್ಚಿ ಮರಳಿನಲ್ಲಿ ಇಟ್ಟಿದ್ದಳು. ಇಲ್ಲದಿದ್ದದ್ದು ಯಂತ್ರ. ಎಕ್ಸ್‌ರೇ ಯಂತ್ರ ನೋಡಿಕೊಳ್ಳುವವನು ಅವಳಿಗಿಂತ ಒಂದು ವರ್ಷ ಚಿಕ್ಕವನು, ಅವಳ ಡಬ್ಬಿಯ ಊಟ ಕಸಿದು ತಿಂದು ಬೆಳೆದವನು. ಯಂತ್ರದ ಕಾಲಪಟ್ಟಿಗೆ ಪ್ರೊಫೆಸರರ ರುಜು ಬೇಕು. “ಅಕ್ಕ, ನನ್ನ ಕುರ್ಚಿ ಹೋಗುತ್ತೆ,” ಎನ್ನುವನು. “ನಿನ್ನ ಕುರ್ಚಿಗೆ ಮೂರೇ ಕಾಲು, ಅದು ಹೋದ್ರೆ ಒಳ್ಳೇದೇ,” ಎನ್ನುವಳು ಇವಳು. ಹತ್ತು ವರ್ಷ ಹೀಗೇ ಕಳೆಯಿತು. ಪ್ರೊಫೆಸರರು ನಿವೃತ್ತರಾದರು, ಗೌರವ ಪ್ರಾಧ್ಯಾಪಕರಾಗಿ ಅದೇ ಕೋಣೆಯಲ್ಲಿ ಉಳಿದರು, ಪಟ್ಟಿಗೆ ರುಜು ಅವರೇ ಹಾಕುತ್ತ ಹೋದರು. ಪ್ರಬಂಧಕ್ಕೆ ಬಹುಮಾನ ಬಂತು. ಕೈ ಕೆಸರಾದದ್ದು ಒಬ್ಬರದು, ಬಾಯಿ ಮೊಸರಾದದ್ದು ಇನ್ನೊಬ್ಬರದು ಎಂದು ನಾನು ಅಂದಾಗ ಅವಳು, “ನನ್ನ ಕೈಗೆ ಅಂಟಿದ್ದು ಕೆಸರಲ್ಲ ಬಿಡು, ಅದಾದ್ರೆ ತೊಳೆದ್ರೆ ಹೋಗುತ್ತೆ,” ಎಂದಳು.

ಅರವತ್ತಕ್ಕೆ ಅವಳೂ ನಿವೃತ್ತಳಾದಳು. ಅಷ್ಟು ಹೊತ್ತಿಗೆ ಅವಳ ಕೈ ನಡುಗತೊಡಗಿತ್ತು. ಮೊದಲು ಬಲಗೈ, ಆಮೇಲೆ ಎರಡೂ. ಬೆಕ್ಕಿನ ಮೀಸೆಯ ಕಡ್ಡಿಯನ್ನು ಯಾರಿಗೂ ಕೊಡದೆ ಕಿಟಕಿಯಿಂದ ಹೊರಗೆ ಎಸೆದಳು. ಏಳನೇ ಕೊಳವೆಯನ್ನು ಮಾತ್ರ ಬಿಸ್ಕತ್ತಿನ ಡಬ್ಬಿಯಲ್ಲಿ ಮರಳು ತುಂಬಿ ಅದರಲ್ಲಿ ನೆಟ್ಟು ಮನೆಗೆ ತಂದಳು. ಮನೆ ಎಂದರೆ ತಮ್ಮನ ಮನೆಯ ಹಿಂದಿನ ಕೋಣೆ. ಡಬ್ಬಿ ಬಂದ ದಿನದಿಂದ ಆ ಮನೆಯಲ್ಲಿ ಯಾವ ಬಾಗಿಲೂ ಸದ್ದು ಮಾಡುವಂತಿರಲಿಲ್ಲ.

“ಕೊಟ್ಟ ಮನೇಲಿ ಅತ್ತೆ ಕಾಟ ಇರಲಿಲ್ಲ ಅಂತ ಖುಷಿಯಾಗಿದ್ದೆ,” ಎಂದು ತಮ್ಮನ ಹೆಂಡತಿ ನನ್ನ ಹತ್ತಿರ ಹೇಳಿದ್ದಳು. “ಈಗ ಡಬ್ಬಿ ಅತ್ತೆ ಬಂದು ಕೂತಿದ್ದಾಳೆ. ಫ್ರಿಜ್ಜಿನ ಬಾಗಿಲು ಹಾಕೋಕೂ ಅವಳ ಅಪ್ಪಣೆ ಬೇಕು.”

“ಹೆದರಬೇಡ, ಈ ಅತ್ತೆ ಅಡುಗೆಗೆ ಹೆಸರಿಡಲ್ಲ,” ಎಂದು ಒಳಗಿನಿಂದ ಹರಳಕ್ಕ.

ಹೋದ ತಿಂಗಳು ಯಂತ್ರದವನು ಅವಳಿಗೆ ಫೋನ್ ಮಾಡಿದ. “ಅಕ್ಕ, ತಿಂಗಳ ಕೊನೆಗೆ ನನಗೂ ನಿವೃತ್ತಿ. ಮಂಗಳವಾರ ಬೆಳಿಗ್ಗೆ ಯಂತ್ರ ಖಾಲಿ ಇದೆ, ಪಟ್ಟೀಲಿ ಬರೆದಿಲ್ಲ. ತಗೊಂಡು ಬಾ.”

ಆ ಅಳತೆ ಏನು ಹೇಳಿತು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗೆರೆಗಳು ಹಳದಿ ಹರಳಿನ ಗೆರೆಗಳಲ್ಲ. ಪಕ್ಕಪಕ್ಕ ಇಟ್ಟರೆ ಶಾಲೆಯ ಮಗುವೂ ಹೇಳುತ್ತದೆ. ಕೊಳವೆಯ ತುಂಬ ಇದ್ದದ್ದು ಬೇರೆಯೇ ವಸ್ತು. ವಿಭಾಗದಲ್ಲೇ ಉಳಿದಿದ್ದ ನನ್ನ ಹಳೆಯ ಬಾಟಲಿಯ ಕೆಂಪು ಪುಡಿಯ ಗೆರೆಗಳಿಗೆ ಅದು ಒಂದೊಂದಾಗಿ ಹೊಂದಿತು. ಯಂತ್ರದವನು ಎಲ್ಲ ಹೋಲಿಸಿ ನೋಡಿ ಗೆರೆಗಳ ಹಾಳೆಯನ್ನು ಆಸ್ಪತ್ರೆಗೆ ತಂದುಕೊಟ್ಟದ್ದು ಅದೇ ವಾರದ ಶನಿವಾರ. ಅಕ್ಕನ ಮಾತು ನಿಂತದ್ದೂ ಆ ಶನಿವಾರವೇ. ನಾನು ಅವಳ ಕಿವಿಯ ಹತ್ತಿರ ಬಾಗಿ ಓದಿದೆ. ಕೇಳಿತೋ ಇಲ್ಲವೋ ತಿಳಿಯಲಿಲ್ಲ. ಕಣ್ಣು ಮುಚ್ಚಿತ್ತು, ಮುಖ ಎಂದಿನಂತೆ ಹರಳೆಣ್ಣೆ ಕುಡಿದ ಹಾಗೆ ಇತ್ತು. ಹಾಳೆಯ ಪ್ರತಿಯನ್ನು ಪ್ರೊಫೆಸರರಿಗೆ ಕೊಟ್ಟೆ. ಓದಿ, ಮಡಚಿ, ಈಗ ಇದನ್ನು ಕೆದಕಿ ಯಾರಿಗೆ ಲಾಭ ಎಂದರು. ಸೂಚನಾ ಫಲಕದ ಮೂರನೇ ವಾಕ್ಯ ಅವರು ಬರೆದದ್ದು, ಇದನ್ನು ಓದಿದ ಮೇಲೆ ಬರೆದದ್ದು. ಸಂಪಾದಕರಿಗೆ ನಾನು ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ಆ ಮಂಗಳವಾರ ನಾನು ಶಾಲೆಗೆ ರಜೆ ಹಾಕಿ ಟ್ಯಾಕ್ಸಿಯಲ್ಲಿ ಅವಳನ್ನು ಕರೆದುಕೊಂಡು ಹೋದೆ. ಅವಳಿಗೆ ಆಗಲೇ ಎರಡು ದಿನದಿಂದ ಜ್ವರ. ಬೇರೆ ದಿನ ಹೋಗೋಣ ಎಂದರೆ, “ಯಂತ್ರ ಬೇರೆ ದಿನ ಕಾಯಲ್ಲ,” ಎಂದು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಪ್ರತಿ ಹಳ್ಳಕ್ಕೂ ಚಾಲಕನಿಗೆ ಮೆಲ್ಲಗೆ, ಮೆಲ್ಲಗೆ ಎನ್ನುತ್ತಿದ್ದಳು. ವಿಭಾಗದ ಮುಂದಿನ ಬಾಗಿಲಿಂದ ಹೋಗದೆ ಹಿಂದಿನ ಮೆಟ್ಟಿಲಿಂದ ಏರಿದೆವು. ಅವಳ ಹಳೆಯ ಕೋಣೆಗೆ ಬೀಗ ಇತ್ತು, ಬಾಗಿಲ ಸಂದಿಯಲ್ಲಿ ಪೊರಕೆಯ ಹಿಡಿ ಕಾಣುತ್ತಿತ್ತು. ಅವಳು ಅದನ್ನು ನೋಡಿ ಮುಂದೆ ನಡೆದಳು.

ಎಕ್ಸ್‌ರೇ ಕೋಣೆಯಲ್ಲಿ ಯಂತ್ರದವನು ಅವಳಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ. ಅವಳು ಕೂರುವ ಮೊದಲು ಬಗ್ಗಿ ಅದರ ಕಾಲು ಎಣಿಸಿದಳು. ಕೊಳವೆಯ ತುದಿಯನ್ನು ಅವನೇ ಗೀರಿ ಮುರಿದ. ಒಳಗಿದ್ದದ್ದನ್ನು ಗಾಜಿನ ತಟ್ಟೆಗೆ ಸುರಿದೆವು. ಹತ್ತೊಂಬತ್ತು ವರ್ಷದ ಮೇಲೂ ಕೆಂಪು ಕೆಂಪಾಗಿಯೇ ಇತ್ತು. ಕೊನೆಗೆ, ತಳ ತಟ್ಟಿದಾಗ, ಹಳದಿಯದು ಬಿತ್ತು. ಎರಡರಲ್ಲಿ ಉಳಿದಿದ್ದ ಒಂದು.

“ನೋಡು,” ಎಂದಳು ನನಗೆ.

ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನಾನು ಮೂರು ವರ್ಷ ಹುಡುಕಿದ್ದು. ಆರು ಮುಖ, ಒಂದರಲ್ಲೂ ಗೀಟಿಲ್ಲ, ಒಳಗೆ ಬೆಳಕು ತುಂಬಿ ನಿಂತಿತ್ತು. ಅಂಥ ಹರಳು ನಾನೂ ನೋಡಿರಲಿಲ್ಲ.

“ಅಕ್ಕ, ಇದನ್ನ ಬೇರೆ ಎತ್ತಿಡೋಣ,” ಎಂದ ಯಂತ್ರದವನು. “ಒಂದೇ ಇರೋದು. ಒಂದರಿಂದ ಪುಡಿ ಲೆಕ್ಕಕ್ಕೆ ಏನೂ ವ್ಯತ್ಯಾಸ ಆಗಲ್ಲ.”

“ಎತ್ತಿಟ್ರೆ ಮತ್ತೆ ಆರಿಸಿದ ಹಾಗೆ ಆಯ್ತು,” ಎಂದಳು. “ಕೊಡು ಇಲ್ಲಿ.”

“ಕೈ ನಡುಗ್ತಿದೆ, ನಾನು ಅರೀತೀನಿ,” ಎಂದೆ ನಾನು.

“ಆರಿಸೋಕೆ ನಡುಗಬಾರದು. ಅರೆಯೋಕೆ ನಡುಗಿದ್ರೆ ಏನು?”

ತಟ್ಟೆಯನ್ನು ಪುಟ್ಟ ಕಲ್ಲಿನ ಒರಳಿಗೆ ಬೋರಲು ಹಾಕಿದಳು. ಎರಡೂ ಕೈಯಿಂದ ಗುಂಡು ಹಿಡಿದು ಅರೆದಳು. ಹಳದಿ ಮೊದಲು ಎರಡಾಯಿತು, ಆಮೇಲೆ ಕಾಣಲಿಲ್ಲ. ಅವಳು ನಿಲ್ಲಿಸಲಿಲ್ಲ, ಹತ್ತು ನಿಮಿಷ ಅರೆದಳು, ಮಧ್ಯೆ ಎರಡು ಸಲ ಕೆಮ್ಮು ಬಂದಾಗ ಮುಖ ಆಚೆ ತಿರುಗಿಸಿಕೊಂಡು, ಮತ್ತೆ ಅರೆದಳು. ಪುಡಿ ಇಟ್ಟಿಗೆಯ ಬಣ್ಣಕ್ಕೆ ಬಂತು. ಯಂತ್ರದವನು ಅದನ್ನು ತೆಗೆದುಕೊಂಡು ಒಳಗೆ ಹೋದ.

ಅವಳು ಒರಳನ್ನು ಒರೆಸಿಟ್ಟು, ಚೀಲದಿಂದ ಹಳೆಯ ನೋಟ್‌ಬುಕ್ಕು ತೆಗೆದು, ಗುರುತಿನ ಪುಟ ತೆರೆದಳು. ಹತ್ತೊಂಬತ್ತು ವರ್ಷದ ಹಿಂದಿನ ಸಾಲಿನ ಕೆಳಗೆ ಜಾಗ ಖಾಲಿ ಇತ್ತು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿಕೊಂಡು, ಒಂದೊಂದೇ ಅಕ್ಷರವಾಗಿ ತಾರೀಖು ಹಾಕಿ ಬರೆದಳು:

‘ಏಳನೇ ಕೊಳವೆ. ಕೆಂಪು, ಹಳದಿ ಎಲ್ಲ ಸೇರಿಸಿ ಅರೆದೆ. ಯಾವುದನ್ನೂ ಆರಿಸಲಿಲ್ಲ.’